ಕೊಡಗಿನ ಆಕಾಶ ಫೋಟೋದಲ್ಲಿ ಕಿತ್ತಳೆಯಾಗುವುದೇಕೆ? ಬೆಳಕಿನ ಮಾಲಿನ್ಯ ಕಳೆದು ಬಣ್ಣ ಸರಿಪಡಿಸುವ ಬಗೆ

ಮಳೆಗಾಲ ಮುಗಿದು ಆಕಾಶ ತಿಳಿಯಾಯಿತೆಂದರೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರತೊಡಗುತ್ತದೆ. ಕಕ್ಕಬ್ಬೆಯ ಹೋಂಸ್ಟೇ ಅಂಗಳದಲ್ಲಿ ನಿಂತು ನೋಡಿದರೆ ಆಕಾಶ ಕಪ್ಪಗಿದೆ, ನಕ್ಷತ್ರಗಳು ಕಿಕ್ಕಿರಿದಿವೆ. ಅದೇ ಆಕಾಶಕ್ಕೆ 15–20 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ ಚಿತ್ರದ ಕೆಳಗೆಲ್ಲ ಕಿತ್ತಳೆ, ಮೇಲೆಲ್ಲ ಕಂದು. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯದು ಬಿಳಿಯಾಗಿ ಕಾಣುವಂತೆ ಬಣ್ಣ ಹೊಂದಿಸುವ ಅಳತೆ, ಎಳೆದು ಕಿತ್ತಳೆ ಹೋಗಲಾಡಿಸಿದರೆ ನಕ್ಷತ್ರಗಳೆಲ್ಲ ನೀಲಿಗೆ ತಿರುಗುತ್ತವೆ. ಏನು ಮಾಡುವುದು?

ಕಿತ್ತಳೆಗೆ ಕೊಡಗು ಹೆಸರಾಗಿರುವುದು ತೋಟದಲ್ಲಿ. ಆಕಾಶಕ್ಕೆ ಅದು ಬೇಡ. ಆದರೆ ಅದನ್ನು ತೆಗೆಯಲು ವೈಟ್ ಬ್ಯಾಲೆನ್ಸ್‌ಗೆ ಕೈ ಹಾಕುವುದೇ ತಪ್ಪು ದಾರಿ. ಕಾರಣ ಲೆಕ್ಕದ್ದು. ಊರಿನ ಬೆಳಕು ನಕ್ಷತ್ರದ ಬೆಳಕಿನೊಂದಿಗೆ ಕೂಡಿಕೊಂಡಿರುತ್ತದೆ; ಕೂಡಿದ್ದನ್ನು ಕಳೆಯಬೇಕು. ವೈಟ್ ಬ್ಯಾಲೆನ್ಸ್ ಮಾಡುವುದು ಗುಣಾಕಾರ. ಕಾಫಿ ತೂಗುವಾಗ ಗೋಣಿಯ ತೂಕ ಕಳೆದ ಮೇಲಲ್ಲವೇ ದರ ಹಾಕುವುದು? ಗೋಣಿ ಸೇರಿಸಿ ದರ ಹಾಕಿ, ಆಮೇಲೆ ದರವನ್ನೇ ತಿದ್ದಿ ಲೆಕ್ಕ ಹೊಂದಿಸಲು ಹೊರಟರೆ ಒಂದು ಚೀಲಕ್ಕೆ ಹೊಂದಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ಇಲ್ಲಿಯೂ ಹಾಗೆಯೇ.

ಒಂದು ಉದಾಹರಣೆ ಹಾಕಿ ನೋಡೋಣ. ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ದಾಖಲಿಸಿದ ಅಂಕಿಗಳನ್ನು ಹಾಗೆಯೇ ಇಟ್ಟುಕೊಂಡ ಕಡತದಲ್ಲಿ, ಬರಿಯ ಆಕಾಶದ ಮಟ್ಟ ಕೆಂಪು 600, ಹಸಿರು 500, ನೀಲಿ 300 ಇದೆಯೆನ್ನಿ. ಅದರ ಮೇಲೆ ಒಂದು ಬಿಳಿ ನಕ್ಷತ್ರ ತನ್ನ ಪಾಲಾಗಿ 200, 400, 250 ಸೇರಿಸುತ್ತದೆ. ಒಟ್ಟು 800, 900, 550. ಮೊದಲು ಆಕಾಶವನ್ನು ಕಳೆದರೆ ಉಳಿಯುವುದು 200, 400, 250. ಈ ಕ್ಯಾಮೆರಾದ ಕೆಂಪಿಗೆ 2, ನೀಲಿಗೆ 1.6 ಗುಣಕ ಕೊಟ್ಟರೆ ಮೂರೂ 400, ನಕ್ಷತ್ರ ಬಿಳಿ. ಇನ್ನು ತಿರುಗುಮುರುಗು ಮಾಡಿ. ಆಕಾಶ ಬೂದುಬಣ್ಣಕ್ಕೆ ಬರುವ ಹಾಗೆ, ಮೂರೂ 500 ಆಗುವಂತೆ ಗುಣಿಸಿದರೆ ನಕ್ಷತ್ರದ ಅಂಕಿಗಳು ಸುಮಾರು 667, 900, 917. ಹಿನ್ನೆಲೆಯ 500 ಬಿಟ್ಟರೆ ನಕ್ಷತ್ರದ ಪಾಲು 167, 400, 417. ಕೆಂಪು ಅರ್ಧಕ್ಕಿಂತ ಕಡಿಮೆ. ನೀವು ಕಂಡ ನೀಲಿ ನಕ್ಷತ್ರ ಹುಟ್ಟಿದ್ದು ಇಲ್ಲಿ.

ಆದ್ದರಿಂದ ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಮೊದಲು ಕಳೆಯುವುದು, ಆಮೇಲೆ ಗುಣಿಸುವುದು, ಕೊನೆಗೆ ಹಿಗ್ಗಿಸುವುದು. ಹಿಗ್ಗಿಸುವುದೆಂದರೆ ಸ್ಟ್ರೆಚ್, ಕತ್ತಲಲ್ಲಿ ಹುದುಗಿದ ಮಂದ ವಿವರಗಳನ್ನು ಕಣ್ಣಿಗೆ ಕಾಣುವಷ್ಟು ಮೇಲೆತ್ತುವುದು.

ಏನೇನು ಬೇಕು

ರಾ ಫೈಲ್ ಕೊಡುವ ಯಾವುದೇ ಕ್ಯಾಮೆರಾ, ಅಲುಗಾಡದ ಟ್ರೈಪಾಡ್, ರಿಮೋಟ್ ಅಥವಾ ಕ್ಯಾಮೆರಾದೊಳಗಿನ ಟೈಮರ್, ಲೆನ್ಸಿಗೆ ಸುತ್ತುವ ಇಬ್ಬನಿ ತಡೆಯುವ ಹೀಟರ್ ಪಟ್ಟಿ, ಅದಕ್ಕೊಂದು ಪವರ್ ಬ್ಯಾಂಕ್. ಹೀಟರ್ ಪಟ್ಟಿಯನ್ನು ಐಷಾರಾಮವೆಂದು ಬಿಡಬೇಡಿ. ಡಿಸೆಂಬರ್ ರಾತ್ರಿ ಇಲ್ಲಿ ಲೆನ್ಸ್ ಮಂಜಾಗಲು ಹೆಚ್ಚು ಹೊತ್ತು ಬೇಡ, ಮಂಜಾದದ್ದು ಕತ್ತಲಲ್ಲಿ ನಿಮ್ಮ ಗಮನಕ್ಕೂ ಬರುವುದಿಲ್ಲ. ನಕ್ಷತ್ರಗಳ ಸುತ್ತ ಹೊಗೆಯಂಥ ವರ್ತುಲ ಮೂಡಿದರೆ ಅದು ನೀಹಾರಿಕೆಯಲ್ಲ, ಇಬ್ಬನಿ.

ತಂತ್ರಾಂಶಕ್ಕೆ ದುಡ್ಡು ಕೊಡಬೇಕಾಗಿಲ್ಲ. ಚಿತ್ರ ಪೇರಿಸಿ ಬಣ್ಣ ಹೊಂದಿಸುವ ಸಿರಿಲ್, ಹಿನ್ನೆಲೆಯ ಬೆಳಕು ಕಳೆಯುವ ಗ್ರಾಎಕ್ಸ್‌ಪರ್ಟ್, ಚಿತ್ರ ತಿದ್ದುವ ಗಿಂಪ್ ಮೂರೂ ಉಚಿತ. ನಕ್ಷತ್ರಗಳ ಜೊತೆಗೆ ತಿರುಗುವ ಟ್ರ್ಯಾಕರ್ ಇದ್ದರೆ ಒಳ್ಳೆಯದು. ಆದರೆ ಧ್ರುವ ನಕ್ಷತ್ರ ಕೊಡಗಿನಲ್ಲಿ ದಿಗಂತದಿಂದ 12 ಡಿಗ್ರಿಯಷ್ಟೇ ಮೇಲಿರುತ್ತದೆ. ಉತ್ತರಕ್ಕೆ ಗುಡ್ಡವೋ ಸಿಲ್ವರ್ ಓಕ್ ಸಾಲೋ ಇದ್ದರೆ ಟ್ರ್ಯಾಕರ್ ಹೊಂದಿಸಲು ಅದು ಸಿಗುವುದೇ ಇಲ್ಲ. ಜಾಗ ಆರಿಸುವಾಗಲೇ ಇದನ್ನು ನೋಡಿಕೊಳ್ಳಿ.

1. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ

ಮೊದಲ ರಾತ್ರಿ ಏನನ್ನೂ ಸೆರೆಹಿಡಿಯಲು ಹೋಗಬೇಡಿ. ಒಂದೇ ಐಎಸ್‌ಒ (ಸೆನ್ಸರ್‌ನ ಸಂವೇದನೆ), ಒಂದೇ ಅಪರ್ಚರ್ (ಲೆನ್ಸಿನ ತೆರವು), 15 ಸೆಕೆಂಡ್ ಇಟ್ಟು ನಾಲ್ಕು ದಿಕ್ಕಿಗೆ ಒಂದೊಂದು, ನೆತ್ತಿಗೆ ಒಂದು ಚಿತ್ರ ತೆಗೆಯಿರಿ. ಊರುಗಳ ಮೇಲೆ ಕವಿದ, ಕಣ್ಣಿಗೆ ಕಾಣದ ಬೆಳಕಿನ ಗುಮ್ಮಟಗಳು ಕ್ಯಾಮೆರಾ ಪರದೆಯಲ್ಲಿ ಎದ್ದು ಕಾಣುತ್ತವೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಸೆನ್ಸರ್‌ಗೆ ಆ ಮಿತಿಯಿಲ್ಲ.

ಮಡಿಕೇರಿಯ ಆಸುಪಾಸಿನಲ್ಲಿ ನಿಂತರೆ ಪೂರ್ವಕ್ಕೆ ಕುಶಾಲನಗರ, ಅದರ ಬೆನ್ನಿಗೆ ಮೈಸೂರು. ನೈಋತ್ಯಕ್ಕೆ ಕಣ್ಣೂರಿನ ಕರಾವಳಿ, ವಾಯವ್ಯಕ್ಕೆ ಮಂಗಳೂರು. ತಡಿಯಂಡಮೋಳ್ ಕಡೆಗೆ ಹೋದಂತೆ ಕರಾವಳಿಯ ಬೆಳಕು ಇನ್ನೂ ಹತ್ತಿರವಾಗುತ್ತದೆ. ಇವುಗಳಿಗೆ ಹೋಲಿಸಿದರೆ ದಕ್ಷಿಣವೇ ವಾಸಿ: ಬ್ರಹ್ಮಗಿರಿ ಸಾಲು, ಅದರಾಚೆ ವಯನಾಡು.

ಬೆಳಕಿನ ಜಾತಿಯನ್ನೂ ಗುರುತಿಸಿ. ಹಳೆಯ ಸೋಡಿಯಂ ಬೀದಿದೀಪದ ಬೆಳಕು ಮುಖ್ಯವಾಗಿ 589 ನ್ಯಾನೋಮೀಟರ್ ಆಸುಪಾಸಿನ ಹಳದಿ-ಕಿತ್ತಳೆ. ಬಿಳಿ ಎಲ್‌ಇಡಿಯದು ಸುಮಾರು 450 ನ್ಯಾನೋಮೀಟರ್‌ನಲ್ಲಿ ನೀಲಿಯ ಚೂಪು ಶಿಖರ, ಅದರ ಪಕ್ಕದಲ್ಲಿ ಹಸಿರಿನಿಂದ ಕೆಂಪಿನವರೆಗೆ ಹರಡಿದ ಗುಡ್ಡ. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುವುದರಿಂದ ಅಂಗಳದ ಎಲ್‌ಇಡಿ ನಿಮ್ಮ ನೆತ್ತಿಯ ಆಕಾಶವನ್ನೇ ತೊಳೆದುಹಾಕುತ್ತದೆ. ದೂರದೂರಿನ ಎಲ್‌ಇಡಿ ಬೆಳಕಿನ ನೀಲಿ ಭಾಗ ದಾರಿಯಲ್ಲೇ ಚದುರಿಹೋಗಿ ಉಳಿದದ್ದು ಹಳದಿಯಾಗಿ ಕಾಣುವುದೂ ಉಂಟು. ಹಾಗಾಗಿ ದಿಗಂತದ ಕಿತ್ತಳೆಯೆಲ್ಲ ಸೋಡಿಯಂ ಎಂದು ತೀರ್ಮಾನಿಸಬೇಡಿ.

ಎಚ್ಚರಿಕೆ: ಉಪಗ್ರಹದ ದತ್ತಾಂಶದಿಂದ ಮಾಡಿದ ಬೆಳಕಿನ ಮಾಲಿನ್ಯದ ನಕ್ಷೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಅವುಗಳಲ್ಲಿ ಹೆಚ್ಚಿನವು ವಿಐಐಆರ್‌ಎಸ್ ಎಂಬ ಉಪಕರಣದ ಅಳತೆಯನ್ನು ಆಧರಿಸಿವೆ. ಅದಕ್ಕೆ ಕಾಣುವುದು ಸುಮಾರು 500ರಿಂದ 900 ನ್ಯಾನೋಮೀಟರ್‌ವರೆಗಿನ ಬೆಳಕು ಮಾತ್ರ. ಎಲ್‌ಇಡಿಯ ನೀಲಿ ಶಿಖರ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಫೆಬ್ರವರಿ–ಮಾರ್ಚ್‌ನಲ್ಲಿ ಕತ್ತಲಾದ ಮೇಲೆ ಪಶ್ಚಿಮದಲ್ಲಿ ಶಂಕುವಿನಾಕಾರದ ಮಸುಕು ಬೆಳಕು ನೆಟ್ಟಗೆ ನಿಂತಂತೆ ಕಂಡರೆ ಅದಕ್ಕೆ ಯಾವ ಊರನ್ನೂ ಬೈಯಬೇಡಿ. ಗ್ರಹಗಳ ನಡುವಿನ ಧೂಳು ಚದುರಿಸಿದ ಸೂರ್ಯನ ಬೆಳಕು ಅದು, ರಾಶಿಚಕ್ರ ಪ್ರಭೆ. ಅದು ಕಾಣುತ್ತಿದೆಯೆಂದರೆ ನಿಮ್ಮ ಜಾಗ ಒಳ್ಳೆಯದೇ.

2. ಜಾಗ ಮತ್ತು ಹೊತ್ತು ಆರಿಸಿ

ದಿಗಂತದಿಂದ 30 ಡಿಗ್ರಿ ಮೇಲಿರುವ ಆಕಾಶಕಾಯದ ಬೆಳಕು ನೆತ್ತಿಯ ಮೇಲಿನದಕ್ಕಿಂತ ಎರಡರಷ್ಟು ಗಾಳಿ ದಾಟಿ ಬರಬೇಕು. ಹಾಗೆ ಬರುವಾಗ ಮಂಕಾಗುತ್ತದೆ, ಕೆಂಪಾಗುತ್ತದೆ. ಜೊತೆಗೆ ಊರಿನ ಬೆಳಕಿನ ಗುಮ್ಮಟವೂ ಅಲ್ಲೇ. ಆದ್ದರಿಂದ ಆದಷ್ಟು ಎತ್ತರದಲ್ಲಿರುವುದನ್ನೇ ಆರಿಸಿ. ಜನವರಿಯಲ್ಲಿ ರಾತ್ರಿ ಹತ್ತೂವರೆಯ ಸುಮಾರಿಗೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ 70 ಡಿಗ್ರಿಗೂ ಮೇಲಿರುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಆಕಾಶಗಂಗೆಯ ನಡುಭಾಗ ಬೇಕೆನ್ನುವವರು ಅದು ಆಗ್ನೇಯದಲ್ಲಿ ಹುಟ್ಟುವಾಗಲೇ ಆತುರಪಡದೆ, ಧನು ರಾಶಿ ಸರಿದಕ್ಷಿಣಕ್ಕೆ ಬರುವವರೆಗೆ ಕಾಯಿರಿ. ಏಪ್ರಿಲ್ ನಡುವಿನಲ್ಲಿ ಅದು ಬೆಳಗಿನ ಜಾವ ನಾಲ್ಕೂವರೆಯ ಸುಮಾರು, ಆಗ ಎತ್ತರ 48 ಡಿಗ್ರಿಯಷ್ಟು. ನೈಋತ್ಯಕ್ಕೆ ಇಳಿಯತೊಡಗಿದರೆ ಕರಾವಳಿಯ ಬೆಳಕಿನೊಳಗೆ ಬೀಳುತ್ತದೆ.

ಅಮಾವಾಸ್ಯೆಯ ಆಚೀಚೆಯ ದಿನಗಳೆಂದು ಬೇರೆ ಹೇಳಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದದ್ದು ಗಾಳಿಯ ತೇವ. ತೆಳು ಮಂಜು ಇರುವ ರಾತ್ರಿ ಇದ್ದಬದ್ದ ಬೆಳಕೆಲ್ಲ ಅದಕ್ಕೆ ತಾಗಿ ಹಿಂದಿರುಗುತ್ತದೆ. ಹೂಮಳೆ ಬಿದ್ದು ಧೂಳು, ಹೊಗೆ ಅಡಗಿದ ಮಾರನೆಯ ರಾತ್ರಿ ತಿಳಿಯಾಗಿದ್ದರೆ ಮಾತ್ರ ನಿದ್ರೆ ಬಿಟ್ಟು ಹೊರಡಿ, ನಷ್ಟವಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲಿನ ಕಾಲ, ಕಾಫಿ ಕಣದ ದೀಪಗಳು ತಡರಾತ್ರಿವರೆಗೆ ಉರಿಯಬಹುದು. ನಿಮಗೆ ಬೇಕಾದ ಗಂಟೆ ಎಷ್ಟೆಂದು ತೋಟದವರಿಗೆ ಮೊದಲೇ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಹೋಂಸ್ಟೇಯವರಿಗೆ ದೀಪದ ಮೇಲೆ ಬೆಳಕು ಕೆಳಕ್ಕಷ್ಟೇ ಬೀಳುವಂತೆ ತಗಡಿನ ಮರೆ ಹಾಕಲು, 3000 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯ, ಅಂದರೆ ಹಳದಿ ಛಾಯೆಯ, ಬಲ್ಬ್ ಬಳಸಲು ಹೇಳಿ, ಖರ್ಚು ದೊಡ್ಡದಲ್ಲ. ಆದರೆ ಆನೆಗೆ ಹೆದರಿ ಹಾಕಿದ ದೀಪವನ್ನು ಆರಿಸಿ ಎಂದು ಯಾರನ್ನೂ ಕೇಳಬೇಡಿ. ಲೈನ್‌ಮನೆಯಲ್ಲಿ ಮಲಗುವ ತೋಟದ ಕಾರ್ಮಿಕರ ಜೀವಕ್ಕಿಂತ ನಿಮ್ಮ ನೀಹಾರಿಕೆ ದೊಡ್ಡದಲ್ಲ.

ನೀವೂ ಅಷ್ಟೇ. ರಾತ್ರಿ ತೋಟದೊಳಗೆ, ಕಾಡಂಚಿನ ರಸ್ತೆಯಲ್ಲಿ ಟ್ರೈಪಾಡ್ ಹೂಡಬೇಡಿ. ಸಿದ್ದಾಪುರ, ಪೊನ್ನಂಪೇಟೆ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಆನೆ ಓಡಾಡುವುದು ಮಾಮೂಲು, ಕತ್ತಲಲ್ಲಿ ಅದು ಪಕ್ಕಕ್ಕೆ ಬಂದರೂ ಗೊತ್ತಾಗುವುದಿಲ್ಲ. ಅರಣ್ಯ ಇಲಾಖೆಯ ಬೆಟ್ಟಗಳಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ. ಮನೆಯ ತಾರಸಿ, ಗೇಟಿನೊಳಗಿನ ಅಂಗಳ ಸಾಕು. ಉಳಿದದ್ದನ್ನು ಲೆಕ್ಕಾಚಾರ ನೋಡಿಕೊಳ್ಳುತ್ತದೆ.

3. ಕ್ಯಾಮೆರಾ ಹೊಂದಿಸಿ

ರಾ ಫೈಲ್ ಕಡ್ಡಾಯ. ಜೆಪೆಗ್‌ನಲ್ಲಿ ಕ್ಯಾಮೆರಾ ತಾನೇ ಗುಣಿಸಿ, ಹಿಗ್ಗಿಸಿ ಕೊಟ್ಟುಬಿಟ್ಟಿರುತ್ತದೆ. ಕಳೆಯುವ ಕೆಲಸಕ್ಕೆ ಜಾಗವೇ ಉಳಿದಿರುವುದಿಲ್ಲ. ವೈಟ್ ಬ್ಯಾಲೆನ್ಸ್ ಅನ್ನು ಹಗಲು ಬೆಳಕಿಗೆ, ಸುಮಾರು 5200 ಕೆಲ್ವಿನ್‌ಗೆ ನಿಲ್ಲಿಸಿ. ರಾ ಫೈಲಿನ ಅಂಕಿ ಇದರಿಂದ ಬದಲಾಗುವುದಿಲ್ಲ ನಿಜ, ಆದರೆ ಆಟೋದಲ್ಲಿಟ್ಟರೆ ಪರದೆಯ ಮೇಲೆ ಒಂದೊಂದು ಚಿತ್ರಕ್ಕೆ ಒಂದೊಂದು ಬಣ್ಣ ಬಂದು ನಿಮ್ಮ ಅಂದಾಜೇ ತಪ್ಪುತ್ತದೆ.

ಎಕ್ಸ್‌ಪೋಷರ್‌ಗೆ ಹಿಸ್ಟೋಗ್ರಾಂ ನೋಡಿ. ಯಾವ ಹೊಳಪಿನ ಚುಕ್ಕೆಗಳು ಎಷ್ಟಿವೆ ಎಂದು ತೋರಿಸುವ ನಕ್ಷೆ ಅದು. ಅದರ ಗುಡ್ಡ ಎಡ ಅಂಚಿನಿಂದ ಬಿಡಿಸಿಕೊಂಡು ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಬಂದರೆ ಸಾಕು. ಮೂರೂ ಬಣ್ಣಗಳ ಗುಡ್ಡವನ್ನು ಬೇರೆ ಬೇರೆಯಾಗಿ ನೋಡಿ: ಕಿತ್ತಳೆ ಆಕಾಶದಲ್ಲಿ ಕೆಂಪು ನಡುವಿಗೆ ಬಂದಿದ್ದರೂ ನೀಲಿ ಎಡಗೋಡೆಗೆ ಅಂಟಿಕೊಂಡಿರಬಹುದು. ಅಂಟಿಕೊಂಡ ನೀಲಿಯಲ್ಲಿ ಇಲ್ಲದ ವಿವರವನ್ನು ಆಮೇಲೆ ಯಾರೂ ತಂದುಕೊಡಲಾರರು.

ಟ್ರ್ಯಾಕರ್ ಇಲ್ಲದಿದ್ದರೆ 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ. ನಕ್ಷತ್ರಗಳು ಗೆರೆಯಾಗದಂತೆ ತೆಗೆಯಲು ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾಕ್ಕೆ ಬಂದಷ್ಟು ಸೆಕೆಂಡೇ ಮಿತಿ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಆದರೆ ಅದನ್ನು ಇನ್ನೊಮ್ಮೆ 1.5ರಿಂದ ಭಾಗಿಸಿ. ಆಗ 18 ಮಿಲಿಮೀಟರ್ ಲೆನ್ಸಿಗೆ ಸುಮಾರು 18 ಸೆಕೆಂಡ್. ಅದೇ ಚಿತ್ರವನ್ನು ಮತ್ತೆ ಮತ್ತೆ ತೆಗೆಯುತ್ತ ಹೋಗಿ; ಆಮೇಲೆ ಇವನ್ನೆಲ್ಲ ಪೇರಿಸಿ ಒಂದೇ ಚಿತ್ರ ಮಾಡಲಿಕ್ಕಿದೆ. ಎಷ್ಟು? ಕಳೆದರೆ ಹೋಗುವುದು ಆಕಾಶದ ಸರಾಸರಿ ಮಟ್ಟ ಮಾತ್ರ. ಅದು ತಂದ ನಾಯ್ಸ್, ಅಂದರೆ ಚಿತ್ರದ ಮೇಲಿನ ಮರಳುಮರಳು, ಉಳಿದೇ ಉಳಿಯುತ್ತದೆ. ಆಕಾಶ ನಾಲ್ಕು ಪಟ್ಟು ಬೆಳ್ಳಗಿದ್ದರೆ ಅಷ್ಟೇ ಗುಣಮಟ್ಟಕ್ಕೆ ಸುಮಾರು ನಾಲ್ಕು ಪಟ್ಟು ಒಟ್ಟು ಸಮಯ ಬೇಕು. ಕತ್ತಲು ಹುಡುಕಿಕೊಂಡು ಹೋಗುವುದರ ಬೆಲೆ ಇಷ್ಟು.

ಫಿಲ್ಟರ್ ಕೊಳ್ಳಲೇ ಎಂದು ಕೇಳುವವರಿಗೆ: ಈಗ ಬೇಡ. 'ನೈಟ್' ಎಂದು ಮಾರುವ ಡಿಡಿಮಿಯಮ್ ಗಾಜಿನ ಫಿಲ್ಟರ್ ಸೋಡಿಯಂ ಹಳದಿಯನ್ನು ಕತ್ತರಿಸುತ್ತದೆ, ಎಲ್‌ಇಡಿಯ ಮುಂದೆ ಹೆಚ್ಚೇನೂ ಮಾಡಲಾರದು. ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹೈಡ್ರೋಜನ್‌ನ 656 ಮತ್ತು ಆಮ್ಲಜನಕದ 501 ನ್ಯಾನೋಮೀಟರ್ ಆಸುಪಾಸನ್ನಷ್ಟೇ ಒಳಗೆ ಬಿಡುತ್ತದೆ. ಹೊಳೆಯುವ ಅನಿಲದ ನೀಹಾರಿಕೆಗೆ ಅದು ಪ್ರಚಂಡ; ಆಕಾಶಗಂಗೆಗೆ, ಗ್ಯಾಲಕ್ಸಿಗೆ, ಕೃತ್ತಿಕೆಯಂಥ ನಕ್ಷತ್ರಗುಚ್ಛಕ್ಕೆ ಪ್ರಯೋಜನವಿಲ್ಲ. ಹೇಗಿದ್ದರೂ ಮಾರ್ಪಡಿಸದ ಕ್ಯಾಮೆರಾದ ಸೆನ್ಸರ್ ಮುಂದಿನ ಗಾಜು 656ರ ಕೆಂಪಿನ ಬಹುಪಾಲನ್ನು ತಡೆದುಬಿಡುತ್ತದೆ. ನಿಮ್ಮ ನೀಹಾರಿಕೆ ಕಡುಗೆಂಪಾಗದೆ ತಿಳಿಗುಲಾಬಿಯಾದರೆ ಅದು ವೈಟ್ ಬ್ಯಾಲೆನ್ಸಿನ ದೋಷವಲ್ಲ.

4. ಡಾರ್ಕ್ ಮತ್ತು ಫ್ಲಾಟ್ ಬಿಡಬೇಡಿ

ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ ಮತ್ತು ಅಷ್ಟೇ ಸೆಕೆಂಡಿನ ಎಕ್ಸ್‌ಪೋಷರ್ ಇಟ್ಟು, ಅದೇ ಚಳಿಯಲ್ಲಿ ತೆಗೆದ ಚಿತ್ರ ಡಾರ್ಕ್; ಬೆಳಕಿಲ್ಲದೆಯೂ ಸೆನ್ಸರ್ ತಾನೇ ದಾಖಲಿಸುವುದನ್ನು ಕಳೆಯಲು ಅದು. ಏಕರೂಪದ ಬೆಳಕಿಗೆ ಹಿಡಿದು ತೆಗೆದದ್ದು ಫ್ಲಾಟ್. ಲೆನ್ಸಿನ ಮೇಲೆ ಸುಕ್ಕಿಲ್ಲದ ಬಿಳಿ ಬನಿಯನ್ ಬಟ್ಟೆ ಬಿಗಿದು ಬೆಳಗಿನ ಆಕಾಶಕ್ಕೆ ಹಿಡಿಯಿರಿ. ಕೊಡಗಿನ ಬೆಳಗಿನ ಮಂಜು ಈ ಒಂದು ಕೆಲಸಕ್ಕೆ ಮಾತ್ರ ಉಪಕಾರಿ. ಫೋಕಸ್, ಅಪರ್ಚರ್ ರಾತ್ರಿ ಇದ್ದಂತೆಯೇ ಇರಬೇಕು. ಶಟರ್ ವೇಗ ಬದಲಿಸಬಹುದು.

ಫ್ಲಾಟ್ ಯಾಕೆ ಮುಖ್ಯವೆಂದರೆ, ಲೆನ್ಸಿನ ಮೂಲೆಗಳು ಕಪ್ಪಾಗುವುದು ಗುಣಾಕಾರದ ದೋಷ. ಅದನ್ನು ಭಾಗಾಕಾರದಿಂದಲೇ ತೆಗೆಯಬೇಕು. ಫ್ಲಾಟ್ ಇಲ್ಲದೆ ಮುಂದಿನ ಹಂತಕ್ಕೆ ಹೋದರೆ ತಂತ್ರಾಂಶಕ್ಕೆ ಮೂಲೆಯ ಕಪ್ಪು ಯಾವುದು, ಊರಿನ ಬೆಳಕು ಯಾವುದೆಂದು ಗೊಂದಲವಾಗುತ್ತದೆ.

ಸಿರಿಲ್‌ನಲ್ಲಿ ಲೈಟ್ಸ್ (ಆಕಾಶದ ಚಿತ್ರಗಳು), ಡಾರ್ಕ್ಸ್, ಫ್ಲಾಟ್ಸ್, ಬಯಾಸಸ್ ಎಂಬ ನಾಲ್ಕು ಫೋಲ್ಡರ್ ಮಾಡಿ ಚಿತ್ರಗಳನ್ನು ತುಂಬಿ, ಬಣ್ಣದ ಕ್ಯಾಮೆರಾಕ್ಕಿರುವ ಸಿದ್ಧ ಸ್ಕ್ರಿಪ್ಟ್ ಓಡಿಸಿದರೆ ಎಲ್ಲವೂ ಪೇರಿಸಿ ಒಂದಾಗಿ ಬರುತ್ತದೆ. ಬಯಾಸ್ ಎಂದರೆ ಮುಚ್ಚಳ ಹಾಕಿ ಅತಿ ವೇಗದ ಶಟರ್‌ನಲ್ಲಿ ತೆಗೆದ ಚಿತ್ರ. ನೆಲದ ದೃಶ್ಯವೂ ಬೇಕಿದ್ದರೆ ಅದನ್ನು ಬೇರೆಯಾಗಿ ತೆಗೆದು ಕೊನೆಗೆ ಜೋಡಿಸಿ. ಇಲ್ಲಿನ ಲೆಕ್ಕವೆಲ್ಲ ಆಕಾಶಕ್ಕೆ ಮಾತ್ರ.

5. ಕಳೆಯಿರಿ

ಈಗ ಬರುವುದು ಮುಖ್ಯ ಹಂತ. ಊರಿನ ಬೆಳಕು ಚಿತ್ರದ ಒಂದು ಬದಿಯಿಂದ ಇನ್ನೊಂದು ಬದಿಗೆ ಇಳಿಜಾರಾಗಿ ಹರಡಿರುತ್ತದೆ; ಇದನ್ನು ಗ್ರೇಡಿಯೆಂಟ್ ಎನ್ನುತ್ತಾರೆ. ಸಿರಿಲ್‌ನ ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್‌ನಲ್ಲಿ ಆಕಾಶದ ಖಾಲಿ ಜಾಗಗಳಲ್ಲಿ ಮಾದರಿ ಚೌಕಗಳನ್ನು ಇಟ್ಟರೆ ಅದು ಇಳಿಜಾರನ್ನು ಊಹಿಸಿ ಕಳೆಯುತ್ತದೆ. ತಾನೇ ಇಟ್ಟ ಚೌಕಗಳನ್ನು ಹಾಗೆಯೇ ಒಪ್ಪಬೇಡಿ. ನೀಹಾರಿಕೆಯ ಮೇಲೆ, ಆಕಾಶಗಂಗೆಯ ಮೇಲೆ, ದೊಡ್ಡ ನಕ್ಷತ್ರದ ಪ್ರಭೆಯ ಮೇಲೆ ಬಿದ್ದವನ್ನು ಒಂದೊಂದಾಗಿ ಅಳಿಸಿ. ಚೌಕಗಳು ಕಡಿಮೆಯಾದರೆ ಚಿಂತೆಯಿಲ್ಲ, ತಪ್ಪು ಜಾಗದಲ್ಲಿದ್ದರೆ ಚಿಂತೆ. ಕಳೆಯುವ ಬಗೆ 'ಸಬ್‌ಟ್ರಾಕ್ಷನ್' ಇರಲಿ. 'ಡಿವಿಷನ್' ಇರುವುದು ಮೂಲೆಯ ಕಪ್ಪಿಗೆ.

ರಾತ್ರಿಯಿಡೀ ತೆಗೆದ ಚಿತ್ರಗಳಾದರೆ ನಕ್ಷತ್ರಗಳಿಗೆ ಹೋಲಿಸಿದಾಗ ಇಳಿಜಾರಿನ ದಿಕ್ಕು ತಿರುಗುತ್ತ ಹೋಗಿರುತ್ತದೆ. ಆಗ ಪೇರಿಸುವ ಮೊದಲೇ ಪ್ರತಿ ಚಿತ್ರದಿಂದ ಸರಳವಾದ, ಅಂದರೆ ಡಿಗ್ರಿ 1ರ ಇಳಿಜಾರನ್ನು ಕಳೆಯುವುದು ಲೇಸು. ಗ್ರಾಎಕ್ಸ್‌ಪರ್ಟ್ ಇದೇ ಕೆಲಸವನ್ನು ಕೃತಕ ಬುದ್ಧಿಮತ್ತೆಯಿಂದ ಮಾಡುತ್ತದೆ, ಹೆಚ್ಚಿನ ಸಲ ಚೆನ್ನಾಗಿಯೇ.

ಯಾವುದನ್ನೇ ಬಳಸಿ, ಅದು ಕಳೆದದ್ದೇನೆಂದು ತೆರೆದು ನೋಡಿ. ಕಳೆದ ಹಿನ್ನೆಲೆಯ ಚಿತ್ರ ನುಣುಪಾದ ಇಳಿಜಾರಾಗಿರಬೇಕು. ಅದರಲ್ಲಿ ನೀಹಾರಿಕೆಯ ಆಕಾರ ನೆರಳಿನಂತೆ ಕಂಡರೆ ನೀವು ಕಳೆದದ್ದು ಗೋಣಿಯನ್ನಲ್ಲ, ಕಾಫಿಯನ್ನೇ.

6. ಬಣ್ಣ ಹೊಂದಿಸಿ

ಸಿರಿಲ್‌ನ ಫೋಟೋಮೆಟ್ರಿಕ್ ಕಲರ್ ಕ್ಯಾಲಿಬ್ರೇಷನ್ ನಿಮ್ಮ ಚಿತ್ರದ ನಕ್ಷತ್ರಗಳನ್ನು ಗುರುತಿಸಿ, ನಕ್ಷತ್ರಪಟ್ಟಿಯಲ್ಲಿ ದಾಖಲಾದ ಅವುಗಳ ನಿಜ ಬಣ್ಣಕ್ಕೆ ಹೋಲಿಸಿ, ಕೆಂಪು-ಹಸಿರು-ನೀಲಿಗೆ ಎಷ್ಟೆಷ್ಟು ಗುಣಕವೆಂದು ತಾನೇ ಲೆಕ್ಕ ಹಾಕುತ್ತದೆ. ಫೋಕಲ್ ಲೆಂತ್ ಮತ್ತು ಸೆನ್ಸರ್ ಚುಕ್ಕೆಯ ಅಳತೆ ಸರಿಯಾಗಿ ಕೊಟ್ಟರೆ ಕೆಲಸ ಸಲೀಸು. ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿ ತೆಗೆದದ್ದಕ್ಕೆ ಈ ವಿಧಾನ ಹಾಗೆಯೇ ಹೊಂದದು. ತೀರಾ ಅಗಲ ಲೆನ್ಸಿನ ಚಿತ್ರದಲ್ಲಿ ನಕ್ಷತ್ರ ಗುರುತಿಸಲು ಅದು ತಡವರಿಸಬಹುದು. ಆಗ ಕೈಕೆಲಸ: ಗಿಂಪ್‌ನ ಲೆವೆಲ್ಸ್‌ನಲ್ಲಿ ಒಂದೊಂದೇ ಬಣ್ಣ ತೆರೆದು ಮೂರೂ ಗುಡ್ಡಗಳ ಎಡಪಾದ ಒಂದೇ ಕಡೆ ನಿಲ್ಲುವಂತೆ ಕಪ್ಪು ತುದಿ ಸರಿಸಿ, ಗುಡ್ಡ ಮಾತ್ರ ಕತ್ತರಿಸಿಹೋಗಬಾರದು. ಆಮೇಲೆ ನಕ್ಷತ್ರಗಳ ಒಟ್ಟು ಸರಾಸರಿ ಬಿಳಿಯಾಗುವಂತೆ ಬಲ ತುದಿ.

ಸರಿಯಾಯಿತೇ ಎಂದು ನೋಡಲು ಮಹಾವ್ಯಾಧದಲ್ಲಿ ಒಳ್ಳೆಯ ಸಾಕ್ಷಿಗಳಿವೆ. ಆರ್ದ್ರಾ ಸುಮಾರು 3500 ಕೆಲ್ವಿನ್‌ನ ತಣ್ಣನೆಯ ದೈತ್ಯ, ಕಿತ್ತಳೆಯಾಗಿರಬೇಕು. ಎದುರು ಮೂಲೆಯ ರಿಗೆಲ್ ಸುಮಾರು 12,000 ಕೆಲ್ವಿನ್, ನೀಲಿ-ಬಿಳಿ. ಎರಡೂ ಒಂದೇ ಚಿತ್ರದಲ್ಲಿ ತಂತಮ್ಮ ಬಣ್ಣದಲ್ಲಿದ್ದರೆ ಲೆಕ್ಕ ಸರಿ. ಎರಡೂ ಬಿಳಿಯಾಗಿದ್ದರೆ ಎಕ್ಸ್‌ಪೋಷರ್ ಹೆಚ್ಚಾಗಿ ನಕ್ಷತ್ರ ತುಂಬಿಹೋಗಿದೆ. ಸ್ವಲ್ಪ ಮಂದವಾದವನ್ನು ನೋಡಿ. ಆಕಾಶಗಂಗೆಯ ನಡುಭಾಗ ಹಳೆಯ ನಕ್ಷತ್ರಗಳ ತಾಣ, ಹಳದಿ ಛಾಯೆಯೇ ಅದರ ನಿಜ ಬಣ್ಣ. ಅದನ್ನು ನೇರಳೆ-ನೀಲಿ ಮಾಡಿ ತೋರಿಸುವ ಚಿತ್ರಗಳು ಎಷ್ಟೇ ಮೆಚ್ಚುಗೆ ಗಳಿಸಲಿ, ಅವುಗಳ ಬಣ್ಣ ಸುಳ್ಳು.

ಹಸಿರಿನ ವಿಷಯ. ಗುಣಕ ಹಾಕದ ರಾ ಚಿತ್ರ ತೆರೆದ ಕೂಡಲೇ ಹಸಿರಾಗಿ ಕಂಡರೆ ಗಾಬರಿ ಬೇಡ. ಸೆನ್ಸರ್‌ನ ಪ್ರತಿ ನಾಲ್ಕು ಚುಕ್ಕೆಗಳಲ್ಲಿ ಎರಡು ಹಸಿರಿನವು, ಅದಕ್ಕೇ ಹೀಗೆ ಎನ್ನುವುದುಂಟು. ನಿಜವಾದ ಕಾರಣ ಬೇರೆ: ಒಂದೊಂದು ಹಸಿರು ಚುಕ್ಕೆಯೂ ಕೆಂಪು, ನೀಲಿಗಿಂತ ಹೆಚ್ಚು ಬೆಳಕು ಹಿಡಿಯುತ್ತದೆ. ಹಸಿರು ಬಣ್ಣದ ನಕ್ಷತ್ರ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಬಣ್ಣ ಹೊಂದಿಸಿದ ಮೇಲೂ ಉಳಿದ ಹಸಿರನ್ನು 'ರಿಮೂವ್ ಗ್ರೀನ್ ನಾಯ್ಸ್' ಒತ್ತಿ ತೆಗೆಯಬಹುದು. ಧೂಮಕೇತುವಿನ ತಲೆ, ಆಮ್ಲಜನಕ ಹೊಳೆಯುವ ನೀಹಾರಿಕೆ, 557.7 ನ್ಯಾನೋಮೀಟರ್‌ನಲ್ಲಿ ವಾತಾವರಣವೇ ಸೂಸುವ ಬೆಳಕು, ಇವು ಮಾತ್ರ ನಿಜವಾಗಿಯೂ ಹಸಿರು. ಧೂಮಕೇತುವಿನ ಚಿತ್ರಕ್ಕೆ ಆ ಗುಂಡಿ ಮುಟ್ಟಲೇಬೇಡಿ.

7. ಹಿಗ್ಗಿಸಿ, ಉಳಿಸಿ

ಇಲ್ಲೊಂದು ಬಲೆಯಿದೆ. ಸಿರಿಲ್‌ನ ಆಟೋಸ್ಟ್ರೆಚ್ ನೋಟ ಪರದೆಗೆ ಮಾತ್ರ, ಫೈಲ್ ಬದಲಾಗಿರುವುದಿಲ್ಲ. ಅದರ ಪಕ್ಕದ ಸರಪಳಿ ಗುರುತು ಬಿಚ್ಚಿದ್ದರೆ ಮೂರು ಬಣ್ಣಗಳನ್ನೂ ಬೇರೆ ಬೇರೆಯಾಗಿ ಹಿಗ್ಗಿಸಿ ತೋರಿಸಿ ನಿಮ್ಮ ಬಣ್ಣದ ದೋಷವನ್ನೆಲ್ಲ ಮುಚ್ಚಿಡುತ್ತದೆ. ಆರನೇ ಹಂತ ಮುಗಿದೊಡನೆ ಸರಪಳಿ ಕೂಡಿಸಿ ನೋಡಿ. ನಿಜವಾಗಿ ಹಿಗ್ಗಿಸಲು ಆಸಿನ್ಹ್ (asinh) ವಿಧಾನ ಬಳಸಿದರೆ ನಕ್ಷತ್ರದ ಬಣ್ಣ ಉಳಿಯುತ್ತದೆ.

ಹಿನ್ನೆಲೆಯನ್ನು ಇದ್ದಿಲುಗಪ್ಪು ಮಾಡುವ ಆಸೆ ಬೇಡ. 255ರ ಮಾಪಕದಲ್ಲಿ 20ರಿಂದ 30ರ ನಡುವೆ ಇರಲಿ. ಸೊನ್ನೆಗೆ ತಳ್ಳಿದರೆ ಮಂದ ಧೂಳಿನ ಎಳೆಗಳೂ ಅದರೊಂದಿಗೆ ಹೋಗುತ್ತವೆ. ಬಣ್ಣದ ಗಾಢತೆ ಕೊನೆಗೆ, ಸ್ವಲ್ಪವೇ.

ಕೂರುವ ಮೊದಲು ಕಂಪ್ಯೂಟರಿನ ನೈಟ್ ಲೈಟ್ ಆರಿಸಿದ್ದೀರಾ ನೋಡಿ. ಪರದೆಯೇ ಹಳದಿಯಾಗಿದ್ದರೆ ನೀವು ತಿದ್ದುವುದು ಪರದೆಯ ಬಣ್ಣವನ್ನು, ಆಕಾಶದ್ದನ್ನಲ್ಲ. ಮುಗಿಸಿದ್ದನ್ನು ಮಾರನೆಯ ದಿನ ಹಗಲಿನಲ್ಲಿ ಇನ್ನೊಮ್ಮೆ ನೋಡಿ. ಪೇರಿಸಿ ಬಂದ 32 ಬಿಟ್ ಫಿಟ್ಸ್ (ಖಗೋಳ ಚಿತ್ರಗಳಿಗೆ ಬಳಸುವ ಬಗೆಯ) ಫೈಲನ್ನು ಅಳಿಸಬೇಡಿ, ಕೈ ಪಳಗಿದ ಮೇಲೆ ಅದರಿಂದಲೇ ಮತ್ತೆ ಶುರುಮಾಡಬಹುದು. ಹಂಚಲು ಜೆಪೆಗ್ ಮಾಡುವಾಗ ಕಲರ್ ಪ್ರೊಫೈಲ್ ಎಸ್‌ಆರ್‌ಜಿಬಿ ಇರಲಿ. ಅಡೋಬಿ ಆರ್‌ಜಿಬಿಯಲ್ಲಿ ಕಳಿಸಿದರೆ ಎಷ್ಟೋ ಮೊಬೈಲ್‌ಗಳಲ್ಲಿ ಬಣ್ಣ ಸಪ್ಪೆಯಾಗಿ ಕಾಣುತ್ತದೆ.